ರಿಕ್ಟರ್ ಮಾಪಕ ಯಾವ ಅಂಗಡಿಯಲ್ಲಿ ಸಿಗುತ್ತದೆ? – ರಸಪ್ರಶ್ನೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಂಡ್ಯ ಜಿಲ್ಲೆಯಲ್ಲಿ ಶಾಲಾ ಮಕ್ಕಳಿಗೆ ಸಾಮಾನ್ಯ ಜ್ಞಾನದ ರಸಪ್ರಶ್ನೆ ನಡೆಸುವ ಎಲ್ಲ ಸಂಘಟಕರು, ಪ್ರಶ್ನೆ ತಯಾರಿಸುವವರು ಮತ್ತು ಕ್ವಿಜ್ ಮಾಸ್ಟರುಗಳು

ಮಾನ್ಯರೇ,

ನಮಸ್ಕಾರ. ನಾನು ಮೂರು ದಶಕ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು. ಮನೆ ಮಂಡ್ಯದಲ್ಲಿ. ಶನಿವಾರ ಬೆಳಿಗ್ಗೆ ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ಸುಮ್ನೆ ಹೋಗಿ ಬರುತ್ತೇನೆ. ಸಂಬಳ ಇಲ್ಲ, ಹಾಜರಿ ಪುಸ್ತಕವೂ ಇಲ್ಲ. ಮಕ್ಕಳ ಜೊತೆ ಒಂದೆರಡು ಪ್ರಯೋಗ ಮಾಡಿ, ಹೆಡ್‌ಮಾಸ್ಟರು ಕೊಡಿಸುವ ಟೀ ಕುಡಿದು ವಾಪಸ್ ಬಸ್ ಹತ್ತುತ್ತೇನೆ.

ಹೋದ ತಿಂಗಳು ಆ ಶಾಲೆಯ ಮೂವರು ಮಕ್ಕಳು ಮಂಡ್ಯದಲ್ಲಿ ನಡೆದ ಒಂದು ರಸಪ್ರಶ್ನೆ ಸ್ಪರ್ಧೆಗೆ ಬಂದಿದ್ದರು. ನಡೆಸಿದವರು ಯಾರು ಎಂದು ಬರೆಯುವುದಿಲ್ಲ. ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ಸಮಯಕ್ಕೆ ಸರಿಯಾಗಿ ಶುರು ಮಾಡಿದರು, ಹಳ್ಳಿಯಿಂದ ಬಂದ ಮಕ್ಕಳಿಗೆ ಬಿಸಿ ಉಪ್ಪಿಟ್ಟು ಕೇಸರಿಬಾತ್ ಕೊಟ್ಟರು. ಅಲ್ಲಿ ಕಂಡ ತಪ್ಪನ್ನು ನಾನು ಬೇರೆ ಬೇರೆ ಕಡೆ, ಬೇರೆ ಬೇರೆಯವರು ನಡೆಸಿದ ಸ್ಪರ್ಧೆಗಳಲ್ಲೂ ಕಂಡಿದ್ದೇನೆ. ಹಾಗಾಗಿ ಈ ಪತ್ರ ನಿಮ್ಮೆಲ್ಲರಿಗೂ.

ಕೊನೆಯ ಸುತ್ತಿಗೆ ‘ವಿಜ್ಞಾನ, ಗಗನಚುಂಬಿ ಕಟ್ಟಡಗಳು, ಪ್ರಕೃತಿ ವಿಕೋಪ’ ಎಂದು ಹೆಸರಿಟ್ಟಿದ್ದರು. ನಮ್ಮ ಮಕ್ಕಳ ತಂಡ ಮತ್ತು ಪಟ್ಟಣದ ಇನ್ನೊಂದು ತಂಡ ಸಮ ಸಮ ಇದ್ದವು. ಕೊನೆಯ ಪ್ರಶ್ನೆ ಬಂತು: ‘ಭೂಕಂಪವನ್ನು ಅಳೆಯುವ ಸಾಧನ ಯಾವುದು?’ ನಮ್ಮ ಹುಡುಗಿ ಬಜರ್ ಒತ್ತಿದಳು. ಒಂಬತ್ತನೇ ಕ್ಲಾಸು. ‘ಸೀಸ್ಮೋಗ್ರಾಫ್’ ಎಂದಳು.

ಕ್ವಿಜ್ ಮಾಸ್ಟರ್ ಕೈಯಲ್ಲಿದ್ದ ಚೀಟಿ ನೋಡಿದರು. ‘ತಪ್ಪು ಉತ್ತರ. ಪಾಸ್.’ ಪಕ್ಕದ ಮೇಜಿನವರು ‘ರಿಕ್ಟರ್ ಮಾಪಕ’ ಎಂದರು. ‘ಸರಿಯಾದ ಉತ್ತರ!’ ಚಪ್ಪಾಳೆ. ಬೋರ್ಡಿನ ಮೇಲೆ 10 ಅಂಕ ಬಿತ್ತು. ಶೀಲ್ಡು ಆ ಕಡೆ ಹೋಯಿತು.

ನಾನು ಎದ್ದು ವೇದಿಕೆ ಹತ್ತಿರ ಹೋದೆ. ಮೆತ್ತಗೆ ಹೇಳಿದೆ. ಅವರು ಕೈ ಮುಗಿದು, ‘ಸಾರ್, ಕೀ ಆನ್ಸರಲ್ಲಿ ಏನಿದೆಯೋ ಅದೇ ಫೈನಲ್. ದಯವಿಟ್ಟು ಕೂತ್ಕೊಳ್ಳಿ, ಅತಿಥಿಗಳಿಗೆ ಲೇಟಾಗ್ತಿದೆ’ ಎಂದರು. ಕೂತೆ.

ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಮೂವರಿಗೂ ಕಬ್ಬಿನ ಹಾಲು ಕುಡಿಸಿದೆ. ಇಬ್ಬರು ಹುಡುಗರು ಆಗಲೇ ಸ್ಪರ್ಧೆ ಮರೆತು ಐಸ್ ಜಾಸ್ತಿ ಹಾಕಿಸಿಕೊಳ್ಳುತ್ತಿದ್ದರು. ಹುಡುಗಿ ಲೋಟ ಹಿಡಿದುಕೊಂಡೇ ನಿಂತಿದ್ದಳು. ಕೊನೆಗೆ ಕೇಳಿದಳು: ‘ಸಾರ್, ಹಂಗಾದ್ರೆ ನಾವು ಮಾಡಿದ್ದು ಏನು?’

ಅವಳು ಏನು ಕೇಳಿದಳು ಎಂದು ನಿಮಗೆ ಗೊತ್ತಾಗಬೇಕಾದರೆ ಒಂದು ಡಬ್ಬಿಯ ಕಥೆ ಹೇಳಬೇಕು. ಅದಕ್ಕೂ ಮೂರು ವಾರ ಮೊದಲು ನಾವು ಶಾಲೆಯಲ್ಲಿ ಒಂದು ಹಳೇ ಹಾರ್ಲಿಕ್ಸ್ ಡಬ್ಬಿಗೆ ಮರಳು ತುಂಬಿದ್ದೆವು. ಅದರ ಬುಡಕ್ಕೆ ಒಂದು ಸ್ಕೆಚ್ ಪೆನ್ನನ್ನು ಟೇಪಿನಿಂದ ಅಂಟಿಸಿ, ಬೆಂಚಿನ ಮೇಲೆ ನಿಲ್ಲಿಸಿದ ಒಂದು ಚೌಕಟ್ಟಿಗೆ ದಾರದಲ್ಲಿ ನೇತುಹಾಕಿದೆವು. ಪೆನ್ನಿನ ತುದಿ ಕೆಳಗಿನ ಕಾಗದವನ್ನು ಮುಟ್ಟೀ ಮುಟ್ಟದ ಹಾಗೆ. ಕ್ಯಾಲೆಂಡರ್ ಹಾಳೆಗಳನ್ನು ಕತ್ತರಿಸಿ ಅಂಟಿಸಿದ ಉದ್ದನೆಯ ಪಟ್ಟಿ ಅದು. ಇಬ್ಬರು ಹುಡುಗರು ಬೆಂಚು ಹಿಡಿದು ಅಲ್ಲಾಡಿಸಿದರು. ಈ ಹುಡುಗಿ ಪಟ್ಟಿಯನ್ನು ನಿಧಾನವಾಗಿ ಎಳೆದಳು. ಬೆಂಚು ಅಲ್ಲಾಡಿತು, ಕಾಗದವೂ ಅಲ್ಲಾಡಿತು. ಮರಳಿನ ಡಬ್ಬಿ ಮಾತ್ರ ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು. ಭಾರದ ವಸ್ತುವಿಗೆ ಜಾಗ ಬಿಟ್ಟು ಕದಲಲು ಸೋಮಾರಿತನ. ಅದಕ್ಕೇ ಕಾಗದದ ಮೇಲೆ ಹಾವು ಹರಿದ ಹಾಗೆ ಗೆರೆ ಬಿತ್ತು. ಹುಡುಗರು ಜೋರಾಗಿ ಅಲ್ಲಾಡಿಸಿದಾಗ ದೊಡ್ಡ ಗೆರೆ, ಮೆತ್ತಗೆ ಅಲ್ಲಾಡಿಸಿದಾಗ ಸಣ್ಣ ಗೆರೆ.

ಅದೇ ಸೀಸ್ಮೋಗ್ರಾಫ್. ಕನ್ನಡದಲ್ಲಿ ಭೂಕಂಪ ಲೇಖಿ. ಈಗಿನ ಯಂತ್ರಗಳಲ್ಲಿ ಡಬ್ಬಿ, ದಾರದ ಬದಲು ಸ್ಪ್ರಿಂಗು, ಸುರುಳಿ, ಎಲೆಕ್ಟ್ರಾನಿಕ್ಸು ಇರುತ್ತದೆ. ಮೂಲ ಉಪಾಯ ಇದೇ. ಅವಳು ತನ್ನ ಕೈಯಾರೆ ಮಾಡಿದ ಸಾಧನವನ್ನು ಅದು ಸಾಧನವೇ ಅಲ್ಲ ಎಂದು ಮೈಕಿನಲ್ಲಿ ಹೇಳಿದಿರಿ.

ರಿಕ್ಟರ್ ಮಾಪಕವನ್ನು ಯಾರೂ ಕೈಯಲ್ಲಿ ಹಿಡಿಯಲು ಆಗುವುದಿಲ್ಲ. ಅದು ಲೆಕ್ಕ ಹಾಕುವ ಒಂದು ವಿಧಾನ. 1935ರಲ್ಲಿ ಅಮೆರಿಕದ ಚಾರ್ಲ್ಸ್ ರಿಕ್ಟರ್ ಅದನ್ನು ಪ್ರಕಟಿಸಿದರು. ಸೀಸ್ಮೋಗ್ರಾಫ್ ಬರೆದ ಗೆರೆ ಎಷ್ಟು ಎತ್ತರ, ಭೂಕಂಪ ಎಷ್ಟು ದೂರದಲ್ಲಿ ಆಯಿತು, ಇವೆರಡನ್ನು ಸೇರಿಸಿ ಒಂದು ಸಂಖ್ಯೆ ಕೊಡುವ ಲೆಕ್ಕ. ಗೆರೆಯೇ ಇಲ್ಲದಿದ್ದರೆ ರಿಕ್ಟರಿಗೆ ಕೆಲಸವೇ ಇಲ್ಲ. ಈಗ ದೊಡ್ಡ ಭೂಕಂಪಗಳಿಗೆ ವಿಜ್ಞಾನಿಗಳು ಆ ಲೆಕ್ಕವನ್ನೂ ಬಳಸುವುದಿಲ್ಲ. ಮೊಮೆಂಟ್ ಮ್ಯಾಗ್ನಿಟ್ಯೂಡ್ ಎಂಬ ಬೇರೆ ಲೆಕ್ಕ ಬಂದಿದೆ.

ಈ ತಪ್ಪು ಎಲ್ಲಿಂದ ಬಂತು ಎಂದು ನನಗೆ ಚೆನ್ನಾಗಿ ಗೊತ್ತು. ಎಲ್ಲ ನಮ್ಮ ‘ಮಾಪಕ’ ಎಂಬ ಪದದ ಆಟ. ತಾಪಮಾಪಕ ಎಂದರೆ ಥರ್ಮಾಮೀಟರ್, ಅದು ಸಾಧನ. ವಾಯುಭಾರ ಮಾಪಕ ಎಂದರೆ ಬ್ಯಾರೋಮೀಟರ್, ಅದೂ ಸಾಧನ. ಹಾಗಾದರೆ ರಿಕ್ಟರ್ ಮಾಪಕವೂ ಸಾಧನವೇ ಇರಬೇಕು, ಅಲ್ವಾ? ಪತ್ರಿಕೆಗಳಲ್ಲಿ ‘ರಿಕ್ಟರ್ ಮಾಪಕದಲ್ಲಿ 6.2 ತೀವ್ರತೆ ದಾಖಲಾಗಿದೆ’ ಎಂದು ಓದಿ ಓದಿ ಎಲ್ಲೋ ಒಂದು ಕಡೆ ದೊಡ್ಡ ಮುಳ್ಳಿನ ಗಡಿಯಾರದ ಥರದ್ದು ಕೂತಿದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ನಾನೂ ಅಂದುಕೊಂಡಿದ್ದೆ. 1993ರಲ್ಲಿ ಲಾತೂರಿನಲ್ಲಿ ಭೂಕಂಪ ಆದಾಗ ನಾನಿನ್ನೂ ಹೊಸ ಮೇಷ್ಟ್ರು. ಇದೇ ಉತ್ತರವನ್ನೇ ಬೋರ್ಡಿನ ಮೇಲೆ ಬರೆದಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, ‘ಸಾರ್, ಅದು ನೋಡೋಕೆ ಹೆಂಗಿರುತ್ತೆ? ಲಾತೂರಲ್ಲಿ ಮೊದ್ಲೇ ಇಟ್ಟಿದ್ರಾ?’ ಎಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಲೈಬ್ರರಿಗೆ ಹೋಗಿ ಪುಸ್ತಕ ಹುಡುಕಿದ ಮೇಲೆ ನನಗೇ ನಾಚಿಕೆಯಾಯಿತು. ಮಾರನೇ ದಿನ ಕ್ಲಾಸಿನಲ್ಲಿ ನಾನು ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡೆ. ಆಗ ಭೂಮಿಯೇನೂ ಬಾಯಿ ಬಿಡಲಿಲ್ಲ.

‘ತೀವ್ರತೆ’ ಎಂಬ ಮಾತಿನದ್ದೂ ಇದೇ ಕಥೆ. ಭೂಕಂಪದ ಪ್ರಮಾಣ ಬೇರೆ, ತೀವ್ರತೆ ಬೇರೆ. ಹಬ್ಬದಲ್ಲಿ ತಮಟೆಯನ್ನು ಎಷ್ಟು ಜೋರಾಗಿ ಬಾರಿಸಿದರು ಎಂಬುದು ಒಂದು. ದೇವಸ್ಥಾನದ ಪಕ್ಕದ ಮನೆಯಲ್ಲಿ ಎಷ್ಟು ಕೇಳಿಸಿತು, ಕೆರೆ ಆಚೆಯ ತೋಟದ ಮನೆಯಲ್ಲಿ ಎಷ್ಟು ಕೇಳಿಸಿತು ಎಂಬುದು ಇನ್ನೊಂದು. ಪ್ರಮಾಣಕ್ಕೆ ಒಂದೇ ಸಂಖ್ಯೆ, ತೀವ್ರತೆ ಊರಿಂದೂರಿಗೆ ಬೇರೆ. ಪ್ರಮಾಣ ಒಂದು ಅಂಕಿ ಏರಿದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು ಜಾಸ್ತಿ. ರಿಕ್ಟರ್ ಮಾಪಕದಲ್ಲಿ ಗರಿಷ್ಠ ಎಷ್ಟು ಎಂದು ಕೇಳಿ, 10 ಎಂದು ಉತ್ತರ ಬರೆದುಕೊಂಡ ಚೀಟಿಗಳನ್ನೂ ನಾನು ನೋಡಿದ್ದೇನೆ. ಅದಕ್ಕೆ ಮೇಲಿನ ಮಿತಿ ಎಂದು ಯಾರೂ ಗೆರೆ ಎಳೆದಿಲ್ಲ. ಇಲ್ಲಿಯವರೆಗೆ ಯಂತ್ರಗಳಲ್ಲಿ ದಾಖಲಾದ ಅತಿ ದೊಡ್ಡದು 1960ರ ಚಿಲಿ ಭೂಕಂಪ, 9.5.

ಇನ್ನು ಕಟ್ಟಡಗಳ ವಿಷಯ. ಬುರ್ಜ್ ಖಲೀಫಾ ಎತ್ತರ ಎಷ್ಟು ಎಂದು ಕೇಳಿದಿರಿ. 828 ಮೀಟರ್, ಸರಿ. ಎರಡನೇ ಅತಿ ಎತ್ತರದ ಕಟ್ಟಡ ಯಾವುದು ಎಂದಿರಿ. ಮಕ್ಕಳು ಶಾಂಘೈ ಟವರ್ ಎಂದರು, ನೀವು ಅಂಕ ಕೊಟ್ಟಿರಿ. ಕ್ವಾಲಾಲಂಪುರದ ಮೆರ್ಡೆಕಾ 118 ಕಟ್ಟಡ 2023ರಲ್ಲೇ ಮುಗಿದಿದೆ. ಅದರ ಎತ್ತರ ಸುಮಾರು 679 ಮೀಟರ್, ಶಾಂಘೈ ಟವರ್ 632. ನಿಮ್ಮ ಚೀಟಿ ಯಾವುದೋ ಹಳೇ ಗೈಡಿನಿಂದ ಇಳಿಸಿದ್ದು ಎಂದು ಅಲ್ಲೇ ಗೊತ್ತಾಯಿತು. ಇರಲಿ, ಇದು ಸಣ್ಣದು. ಇನ್ನೈದು ವರ್ಷಕ್ಕೆ ಈ ಪಟ್ಟಿಯೂ ಬದಲಾಗುತ್ತದೆ.

ನನ್ನ ತಕರಾರು ಅದಲ್ಲ. 828 ಎಂದು ಬಾಯಿಪಾಠ ಮಾಡಿದ ಮಗುವಿಗೆ ಅದು ಯಾಕೆ ಬೀಳದೆ ನಿಂತಿದೆ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಕೇಳಿ ನೋಡಿ, ಮಕ್ಕಳ ಮುಖ ಹೇಗೆ ಅರಳುತ್ತದೆ ಅಂತ. ಅಷ್ಟು ಎತ್ತರದ ಕಟ್ಟಡಕ್ಕೆ ದೊಡ್ಡ ತೊಂದರೆ ಕೊಡುವುದು ಗಾಳಿ. ಕಟ್ಟಡದ ಪಕ್ಕದಲ್ಲಿ ಹಾದು ಹೋಗುವ ಗಾಳಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸುಳಿ ಎಬ್ಬಿಸುತ್ತದೆ. ಉಯ್ಯಾಲೆಯನ್ನು ತಾಳಕ್ಕೆ ಸರಿಯಾಗಿ ನೂಕಿದ ಹಾಗೆ ಆ ಸುಳಿಗಳು ಕಟ್ಟಡವನ್ನು ನೂಕಿದರೆ ತೂಗಾಟ ಏರುತ್ತಾ ಹೋಗುತ್ತದೆ. ಅದಕ್ಕೇ ಬುರ್ಜ್ ಖಲೀಫಾಗೆ ಮೂರು ರೆಕ್ಕೆ. ಮೇಲೆ ಹೋದ ಹಾಗೆ ಒಂದೊಂದೇ ರೆಕ್ಕೆ ಒಂದೊಂದು ಮಟ್ಟದಲ್ಲಿ ಒಳಗೆ ಸರಿಯುತ್ತದೆ. ಎಲ್ಲ ಎತ್ತರದಲ್ಲೂ ಆಕಾರ ಬೇರೆ ಬೇರೆ ಆದ್ದರಿಂದ ಗಾಳಿಗೆ ತಾಳವೇ ಸಿಗುವುದಿಲ್ಲ.

ತೈಪೆ 101ರ ಕಥೆ ಇನ್ನೂ ಚೆಂದ. 508 ಮೀಟರ್ ಎತ್ತರದ ಕಟ್ಟಡ, ಚಂಡಮಾರುತವೂ ಭೂಕಂಪವೂ ಎರಡೂ ಇರುವ ಊರು. ಅದರ ಮೇಲಿನ ಮಹಡಿಗಳ ನಡುವೆ 660 ಟನ್ ತೂಕದ ಒಂದು ಉಕ್ಕಿನ ಗುಂಡನ್ನು ಹಗ್ಗಗಳಲ್ಲಿ ನೇತುಹಾಕಿದ್ದಾರೆ. ಗಾಳಿಗೆ ಕಟ್ಟಡ ಒಂದು ಕಡೆ ವಾಲಿದರೆ ಗುಂಡು ಹಿಂದೆ ಉಳಿಯುತ್ತದೆ, ಕಟ್ಟಡವನ್ನು ತನ್ನ ಕಡೆ ಎಳೆಯುತ್ತದೆ, ತೂಗಾಟ ಇಳಿಯುತ್ತದೆ. 2015ರಲ್ಲಿ ಸೌಡೆಲೋರ್ ಚಂಡಮಾರುತ ಬಂದಾಗ ಆ ಗುಂಡು ಒಂದು ಮೀಟರ್ ತೂಗಿತ್ತು. ಈ ಗುಂಡು ಯಾವುದು ಹೇಳಿ? ನಮ್ಮ ಹುಡುಗಿಯ ಹಾರ್ಲಿಕ್ಸ್ ಡಬ್ಬಿಯ ದೊಡ್ಡಣ್ಣ. ಭಾರದ ವಸ್ತುವಿನ ಅದೇ ಸೋಮಾರಿತನ ಅಲ್ಲಿ ಗೆರೆ ಬರೆಸುತ್ತದೆ, ಇಲ್ಲಿ ಕಟ್ಟಡ ಹಿಡಿದು ನಿಲ್ಲಿಸುತ್ತದೆ. ನಿಮ್ಮ ಸುತ್ತಿನ ಹೆಸರಿನಲ್ಲಿದ್ದ ವಿಜ್ಞಾನ, ಕಟ್ಟಡ, ವಿಕೋಪ ಮೂರೂ ಒಂದೇ ದಾರದಲ್ಲಿ ನೇತಾಡುತ್ತಿವೆ. ನೀವು ಕೇಳಿದ್ದು ಎತ್ತರ ಎಷ್ಟು ಅಂತ ಮಾತ್ರ.

ಅಂದು ಒಬ್ಬ ಹುಡುಗ, ಎತ್ತರ ಜಾಸ್ತಿ ಇದ್ದಷ್ಟೂ ಭೂಕಂಪಕ್ಕೆ ಬೇಗ ಬೀಳುತ್ತೆ ಅಲ್ವಾ ಸಾರ್ ಎಂದು ಪಕ್ಕದಲ್ಲೇ ಕೇಳಿದ. ಬಹಳ ಜನ ಹಾಗೇ ನಂಬಿದ್ದಾರೆ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ನಗರದಲ್ಲಿ ಆದದ್ದು ಬೇರೆ. ಭೂಕಂಪ ಆದದ್ದು 350 ಕಿಲೋಮೀಟರಿಗೂ ದೂರದ ಕಡಲ ತೀರದಲ್ಲಿ. ಊರು ಕೂತಿರುವುದು ಹಳೇ ಕೆರೆ ಅಂಗಳದ ಮೆತ್ತನೆ ಮಣ್ಣಿನ ಮೇಲೆ. ಆ ಮಣ್ಣು ಸುಮಾರು ಎರಡು ಸೆಕೆಂಡಿಗೊಮ್ಮೆ ತೂಗಿತು. ಆ ತಾಳಕ್ಕೆ ಸಿಕ್ಕಿ ಜಾಸ್ತಿ ಬಿದ್ದದ್ದು ಆರರಿಂದ ಹದಿನೈದು ಮಹಡಿಯ ಕಟ್ಟಡಗಳು. ಅದೇ ಊರಿನ ನಲವತ್ತಕ್ಕೂ ಹೆಚ್ಚು ಮಹಡಿಯ ಲ್ಯಾಟಿನೋ ಅಮೆರಿಕಾನಾ ಗೋಪುರ ನಿಂತೇ ಇತ್ತು. ಬಿರುಗಾಳಿಯಲ್ಲಿ ತೆಂಗಿನಮರ ತೂಗಿ ನಿಲ್ಲುತ್ತದೆ, ಪಕ್ಕದ ಇಟ್ಟಿಗೆ ಕಾಂಪೌಂಡ್ ಉರುಳುತ್ತದೆ. ನಮ್ಮ ಕಡೆ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು, ತಕ್ಷಣ ಹಿಡಿಯುತ್ತಾರೆ.

‘ನಮಗ್ಯಾಕೆ ಸಾರ್, ಮಂಡ್ಯ ಮೈಸೂರು ಭೂಕಂಪದ ಏರಿಯಾ ಅಲ್ಲವಲ್ಲ’ ಎಂದು ಒಬ್ಬ ಸಂಘಟಕರು ಊಟದ ಹೊತ್ತಿನಲ್ಲಿ ಹೇಳಿದರು. ಇಲ್ಲಿ ಅಪಾಯ ಕಡಿಮೆ ಎಂಬುದು ನಿಜ. ಇಷ್ಟು ವರ್ಷ ಬಳಕೆಯಲ್ಲಿದ್ದ ನಕ್ಷೆಯಲ್ಲಿ ನಾವು ಎರಡನೇ ವಲಯ, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ್ದು. ಒಂದನೇ ವಲಯ ಎಲ್ಲಿ ಹೋಯಿತು ಎಂದು ಯಾವ ಕ್ವಿಜ್ಜಿನಲ್ಲೂ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಮೊದಲು ಇತ್ತು. ಲಾತೂರು ಇದ್ದದ್ದೇ ಅದರಲ್ಲಿ. ಗಣೇಶನನ್ನು ಬಿಟ್ಟು ಬಂದು ಜನ ಮಲಗಿದ್ದ ಆ ರಾತ್ರಿ, ಬೆಳಗಿನ ಜಾವ ನಾಲ್ಕು ಗಂಟೆ ಸುಮಾರಿಗೆ, ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು, ಭಾರದ ಮಾಳಿಗೆಗಳು ಮೈಮೇಲೆ ಬಿದ್ದು ಸಾವಿರಾರು ಜನ ಹೋದರು. 2002ರಲ್ಲಿ ನಕ್ಷೆ ತಿದ್ದಿದಾಗ ಒಂದನೇ ವಲಯವನ್ನೇ ತೆಗೆದು ಹಾಕಿದರು. 2001ರ ಭುಜ್ ಭೂಕಂಪದಲ್ಲಿ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಮನೆಗಳು ಕುಸಿದವು. ಅವುಗಳಲ್ಲಿ ಬಹಳಷ್ಟಕ್ಕೆ ಕೆಳಗಡೆ ಗೋಡೆಯಿಲ್ಲ, ಬರೀ ಕಂಬ, ಕಾರು ನಿಲ್ಲಿಸಲು ಜಾಗ. ಮೇಲೆ ಭಾರ, ಕಾಲು ಬಡಕಲು. ಈಗ ಮೈಸೂರಿನ ರಿಂಗ್ ರೋಡಿನ ಕಡೆ ಒಂದು ಸುತ್ತು ಹೋಗಿ ನೋಡಿ, ಅಪಾರ್ಟ್‌ಮೆಂಟುಗಳ ಕೆಳಗೆ ಕಾರು ನಿಲ್ಲುವುದು ಎಲ್ಲಿ ಅಂತ. ಕಂಬದ ಮೇಲೆ ನಿಂತದ್ದೆಲ್ಲ ಬೀಳುತ್ತದೆ ಎಂದು ಹೆದರಿಸುತ್ತಿಲ್ಲ. ಕಂಬ ಗಟ್ಟಿ ಮಾಡಿ, ನಡುವೆ ಕಾಂಕ್ರೀಟ್ ಗೋಡೆ ಕೊಟ್ಟರೆ ನಿಲ್ಲುತ್ತದೆ. ನಾಳೆ ಮನೆ ಕೊಳ್ಳುವವರು ಇದೇ ಮಕ್ಕಳು. ಕೊಳ್ಳುವಾಗ ಕೇಳಲು ಗೊತ್ತಿರಲಿ ಎಂದಷ್ಟೇ.

ನಮ್ಮದೇ ನೆಲದಲ್ಲಿ ಪ್ರಶ್ನೆಗಳಿಗೆ ಬರವೇ? ಪಾಂಡವಪುರದ ಮಕ್ಕಳು ಬೇಬಿ ಬೆಟ್ಟದ ಕಡೆಯಿಂದ ಧಡ್ ಎಂಬ ಸದ್ದು ಕೇಳಿಕೊಂಡೇ ಬೆಳೆದವರು. ಗಣಿ ಸ್ಫೋಟದಿಂದ ಕನ್ನಂಬಾಡಿ ಕಟ್ಟೆಗೆ ಅಪಾಯ ಇದೆಯೇ ಎಂಬ ವಾದ ಹೈಕೋರ್ಟಿನವರೆಗೂ ಹೋಯಿತು. ನಿಮ್ಮ ಸ್ಪರ್ಧೆಯಲ್ಲಿ ಕೆಆರ್‌ಎಸ್ ಬಗ್ಗೆ ಬಂದದ್ದು ಒಂದೇ ಪ್ರಶ್ನೆ: ಕಟ್ಟಿದವರು ಯಾರು? ಅದರ ಬದಲು, ನೆಲ ನಡುಗಿದ್ದು ಭೂಕಂಪದಿಂದಲೋ ಸಿಡಿಮದ್ದಿನಿಂದಲೋ ಎಂದು ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿ. ಮದ್ದು ಸಿಡಿದರೆ ನೆಲವನ್ನು ಎಲ್ಲ ದಿಕ್ಕಿಗೂ ಹೊರಕ್ಕೇ ನೂಕುತ್ತದೆ. ಭೂಕಂಪದಲ್ಲಿ ಬಂಡೆ ಜಾರುತ್ತದೆ, ಆದ್ದರಿಂದ ಮೊದಲ ಏಟು ಕೆಲವು ಕಡೆ ನೂಕಿದ ಹಾಗೆ, ಕೆಲವು ಕಡೆ ಎಳೆದ ಹಾಗೆ ಬರುತ್ತದೆ. ಸುತ್ತಲಿನ ನಾಲ್ಕಾರು ಯಂತ್ರಗಳ ಗೆರೆ ಪಕ್ಕಪಕ್ಕ ಇಟ್ಟರೆ ಗುಟ್ಟು ರಟ್ಟು.

ಸಿಡಿಲಿನ ವಿಷಯ ನನಗೆ ಇನ್ನೂ ಹತ್ತಿರದ್ದು. ಮಿಂಚುವಾಹಕ ಕಂಡುಹಿಡಿದವರು ಯಾರು ಎಂದಿರಿ, ಬೆಂಜಮಿನ್ ಫ್ರಾಂಕ್ಲಿನ್ ಎಂದು ಉತ್ತರ ಬಂತು. ಆ ಹುಡುಗಿಯ ಊರಾಚೆ ಎರಡು ವರ್ಷದ ಕೆಳಗೆ ಹುಣಸೆಮರದ ಕೆಳಗೆ ಕಟ್ಟಿದ್ದ ಎರಡು ಎಮ್ಮೆ ಸಿಡಿಲಿಗೆ ಸತ್ತವು. ಅವುಗಳನ್ನು ಬಿಚ್ಚಿಕೊಂಡು ಬರಲು ಹೊರಟಿದ್ದ ಅಜ್ಜ ಚಪ್ಪಲಿ ಹುಡುಕುತ್ತಾ ತಡಮಾಡಿದ್ದರಿಂದ ಉಳಿದರು. ನಮ್ಮ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಾಯುತ್ತಾರೆ. ಹೊಲ ಗದ್ದೆಯಲ್ಲಿ ಇರುವವರಿಗೇ ಅಪಾಯ ಜಾಸ್ತಿ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿದರೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ, ಮರದ ಕೆಳಗಲ್ಲ, ಗಟ್ಟಿ ಮನೆಯೊಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಬರಬಾರದು. ಫ್ರಾಂಕ್ಲಿನ್ ಹೆಸರು ಮರೆತರೆ 10 ಅಂಕ ಹೋಗುತ್ತದೆ. ಇದು ಮರೆತರೆ ಮನೆಯವರೇ ಹೋಗುತ್ತಾರೆ.

ಸುನಾಮಿ ಯಾವ ಭಾಷೆಯ ಪದ ಎಂದೂ ಕೇಳಿದಿರಿ. ಜಪಾನಿ. ನಾನಾಗಿದ್ದರೆ ಇಂಡೋನೇಷ್ಯಾದ ಸಿಮೆಲೂ ದ್ವೀಪದ ‘ಸ್ಮೋಂಗ್’ ಎಂಬ ಪದ ಕೇಳುತ್ತಿದ್ದೆ. 1907ರಲ್ಲಿ ಅಲ್ಲಿ ಸುನಾಮಿ ಬಂದು ಬಹಳ ಜನ ಸತ್ತರು. ಉಳಿದವರು ಅದನ್ನು ತೊಟ್ಟಿಲ ಹಾಡು ಮಾಡಿಕೊಂಡರು. ನೆಲ ಜೋರಾಗಿ ನಡುಗಿ, ಸಮುದ್ರ ಹಿಂದಕ್ಕೆ ಸರಿದರೆ ಗುಡ್ಡಕ್ಕೆ ಓಡಬೇಕು, ಅದೇ ಸ್ಮೋಂಗ್. 2004ರ ಡಿಸೆಂಬರ್ 26ರಂದು ಭೂಕಂಪದ ಕೇಂದ್ರಕ್ಕೆ ತೀರಾ ಹತ್ತಿರ ಇದ್ದದ್ದು ಈ ದ್ವೀಪವೇ. ಅಲ್ಲಿದ್ದ ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. ಅವರಿಗೆ ಸಾಮಾನ್ಯ ಜ್ಞಾನ ಎಂದರೆ ಇದು.

ನಾನು ಅಂಕಿ ಸಂಖ್ಯೆಗಳ ವಿರೋಧಿಯಲ್ಲ. ಈ ಪತ್ರದಲ್ಲೇ ಎಷ್ಟು ತುಂಬಿದ್ದೇನೆ ನೋಡಿ, ಚಟ ಹೋಗುವುದಿಲ್ಲ. ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಪ್ರಶ್ನೆ, ಉತ್ತರ ಎರಡನ್ನೂ ಸ್ಪರ್ಧೆಗೆ ಮೊದಲು ಆಯಾ ವಿಷಯದ ಒಬ್ಬ ಮೇಷ್ಟ್ರಿಗೋ ಮೇಡಮ್ಮಿಗೋ ತೋರಿಸಿ. ಜಿಲ್ಲೆಯಲ್ಲಿ ನಮ್ಮಂಥ ನಿವೃತ್ತರು ಬೇಕಾದಷ್ಟು ಜನ ಇದ್ದಾರೆ, ಕರೆದರೆ ಖುಷಿಯಿಂದ ಬರುತ್ತಾರೆ. ಮಗುವಿಗೆ ಉತ್ತರ ತಪ್ಪು ಎಂದಾಗ ‘ಯಾಕೆ’ ಎಂದು ಕೇಳುವ ಹಕ್ಕು ಕೊಡಿ. ಬಹುಮಾನ ಕೊಡುವ ಮೊದಲು ಹತ್ತು ನಿಮಿಷ ಆಕ್ಷೇಪಣೆಗೆ ಇಡಿ. ಅತಿಥಿಗಳ ಭಾಷಣದಲ್ಲಿ ಹತ್ತು ನಿಮಿಷ ಕಡಿತ ಮಾಡಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪ್ರತಿ ಸುತ್ತಿನಲ್ಲಿ ಅರ್ಧದಷ್ಟಾದರೂ ಪ್ರಶ್ನೆಗಳು ‘ಹೇಗೆ’, ‘ಯಾಕೆ’, ‘ಆಗ ಏನು ಮಾಡುತ್ತೀಯ’ ಎಂದು ಇರಲಿ. ಅಂಥ ಉತ್ತರಕ್ಕೆ ಅಂಕ ಕೊಡುವುದು ಕಷ್ಟ, ಒಪ್ಪುತ್ತೇನೆ. ಅದಕ್ಕೇ ತೀರ್ಪುಗಾರರು ಎಂದು ಮೂವರನ್ನು ಕೂರಿಸಿ ಶಾಲು ಹೊದಿಸುವುದು, ಅಲ್ವಾ?

ಹೋದ ತಿಂಗಳ ಶೀಲ್ಡನ್ನು ವಾಪಸ್ ತರಿಸಿ ಎಂದು ಕೇಳುವುದಿಲ್ಲ. ಗೆದ್ದ ಮಕ್ಕಳದ್ದೇನೂ ತಪ್ಪಿಲ್ಲ, ಅವರು ಕಲಿಸಿದ್ದನ್ನು ಹೇಳಿದ್ದಾರೆ. ಆದರೆ ಆ ಸ್ಪರ್ಧೆ ನಡೆಸಿದವರು ಇದನ್ನು ಓದುತ್ತಿದ್ದರೆ, ಆ ಹುಡುಗಿಯ ಶಾಲೆಯ ವಿಳಾಸ ನಿಮ್ಮ ನೋಂದಣಿ ಪುಸ್ತಕದಲ್ಲಿ ಇದೆ. ಒಂದು ಕಾರ್ಡ್ ಬರೆಯಿರಿ. ‘ನೀನು ಹೇಳಿದ ಉತ್ತರ ಸರಿ, ನಮ್ಮ ಚೀಟಿ ತಪ್ಪಿತ್ತು’ ಎಂದು ಎರಡು ಸಾಲು ಸಾಕು.

ಡಬ್ಬಿ, ಪೆನ್ನು, ಕಾಗದದ ಪಟ್ಟಿ ಎಲ್ಲ ಸದ್ಯಕ್ಕೆ ನಮ್ಮ ಮನೆ ಅಟ್ಟದ ಮೇಲಿದೆ. ನಿಮ್ಮ ಮುಂದಿನ ಸ್ಪರ್ಧೆ ಎಲ್ಲೇ ಇರಲಿ, ಹೇಳಿ ಕಳಿಸಿದರೆ ತಂದು ವೇದಿಕೆಯ ಮೇಜಿನ ಮೇಲೆ ಇಡುತ್ತೇನೆ. ಬಸ್ ಚಾರ್ಜ್ ನನ್ನದೇ. ಬೆಂಚು ಅಲ್ಲಾಡಿಸಲು ಮಾತ್ರ ಇಬ್ಬರು ಬೇಕಾಗುತ್ತದೆ.

ವಂದನೆಗಳೊಂದಿಗೆ,
ಒಬ್ಬ ನಿವೃತ್ತ ವಿಜ್ಞಾನ ಮೇಷ್ಟ್ರು
ಮಂಡ್ಯ